ಜಗುಲಿಯ ಮೇಲಿನ ಓದು

ಸೋಮವಾರ ಬೆಳಿಗ್ಗೆ ಶಾಂತಮಲ್ಲಪ್ಪ ಲಿಂಗಪೂಜೆ ಮುಗಿಸಿ, ಎಂದಿನಂತೆ ಪುಸ್ತಕ ತೆರೆದು ಎರಡು ವಚನ ಓದಿ, ಹಿತ್ತಲಲ್ಲಿ ಕಿತ್ತ ಅವರೆಕಾಯಿಯನ್ನು ಚೀಲಕ್ಕೆ ತುಂಬಿಕೊಂಡು ಶಾಲೆಯ ಕಡೆ ಹೊರಟ. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯಲ್ಲಿ ಮಂಜು ಇನ್ನೂ ಕೂತೇ ಇತ್ತು. ಆ ಸರ್ಕಾರಿ ಶಾಲೆಯಲ್ಲಿ ಹದಿನಾರು ವರ್ಷ ಬಿಸಿಯೂಟ ಬೇಯಿಸಿದ ಅವನ ಹೆಂಡತಿ ಪುಟ್ಟಮಲ್ಲಮ್ಮ ಶ್ರಾವಣದಲ್ಲಿ ಶಿವನ ಪಾದ ಸೇರಿದ್ದಳು. ಹಿತ್ತಲಲ್ಲಿ ಬೆಳೆದದ್ದರಲ್ಲಿ ಮೊದಲ ಪಾಲು ಶಾಲೆಗೆ ಎಂಬುದು ಆಕೆ ಹಾಕಿದ್ದ ಕಟ್ಟಳೆ. ಅದನ್ನು ಅವನು ಬಿಟ್ಟಿರಲಿಲ್ಲ.

ಬಿಡಲಾಗದ್ದು ಇನ್ನೊಂದಿತ್ತು. ಆಕೆ ಸಾಯುವುದಕ್ಕೆ ಮೂರು ವಾರ ಮುಂಚೆ ಆಡಿದ ಮಾತು.

"ಸೋಲಿಗರ ಹಾಡಿ ನಯನಾ ಅದಳಲ್ಲ, ಎಷ್ಟು ಚೆಂದಾಗಿ ಓದ್ತಳೆ ಅಂತೀರಿ!" ಎಂದಿದ್ದಳು ಪುಟ್ಟಮಲ್ಲಮ್ಮ.

"ನೀನೇ ಹೆಬ್ಬೆಟ್ಟು. ಅವ್ಳು ಓದಿದ್ದು ಸರಿಯೋ ತಪ್ಪೋ ನಿಂಗೆಂಗೆ ಗೊತ್ತಾದದು? ಬಾಯಿಗೆ ಬಂದದ್ದ ಹೇಳಿ ಇನ್ನೊಂದು ಮೊಟ್ಟೆ ಈಸ್ಕೊಂಡು ಓಯ್ತಳೆ ಅಷ್ಟೇಯ!" ಎಂದು ಅವನು ನಕ್ಕಿದ್ದ.

"ಗೊತ್ತಾಯ್ತದೆ ಬುಡಿ" ಎಂದು ಆಕೆ ತಟ್ಟೆ ಎತ್ತಿಕೊಂಡು ಎದ್ದುಹೋಗಿದ್ದಳು. ಹೇಗೆ ಎಂದು ಅವನು ಕೇಳಲಿಲ್ಲ. ಕೇಳಬೇಕು ಅನ್ನಿಸುವಷ್ಟರಲ್ಲಿ ಆಕೆ ಇರಲಿಲ್ಲ. ಪೂಜೆಗೆ ಕೂತಾಗಲೂ ತನ್ನದೇ ಆ ನಗು ಅವನ ಕಿವಿಗೆ ಬೀಳುತ್ತಿತ್ತು.

ಶಾಲೆಯ ಮುಂದೆ ಬೈಕು ನಿಂತಿತ್ತು. ಮಕ್ಕಳ ಕಲಿಕೆ ನೋಡಿ ಬರೆದುಕೊಳ್ಳಲು ಶಿಕ್ಷಣ ಇಲಾಖೆಯ ಸೋಮಶೇಖರ್ ಸಾರ್ ಗುಂಡ್ಲುಪೇಟೆಯಿಂದ ಬಂದಿದ್ದರು. ಊರಿನ ಉಳ್ಳವರ ಮಕ್ಕಳು ಹಳದಿ ವ್ಯಾನು ಹತ್ತಿ ಪೇಟೆಯ ಶಾಲೆಗೆ ಹೋಗುತ್ತಿದ್ದರಿಂದ ಇಲ್ಲಿ ಉಳಿದವರು ಇಪ್ಪತ್ತಮೂರು ಜನ. ಊರಿನವರು ಹತ್ತು, ಕಾಡಂಚಿನ ಹಾಡಿಯಿಂದ ಬರುವ ಸೋಲಿಗರ ಮಕ್ಕಳು ಒಂಬತ್ತು, ಅರಿಸಿನದ ಕೆಲಸಕ್ಕೆ ಬಂದು ನೆಲೆಸಿದ ತಮಿಳರ ಮನೆಯವರು ನಾಲ್ಕು. ಸಾರ್ ಕೈಯ ಹಾಳೆಯಲ್ಲಿ ಗಂಡು, ಹೆಣ್ಣು, ಜಾತಿ, ಪಂಗಡ ಎಂದು ಕಾಲಂಗಳಿದ್ದವು. ಪ್ರತಿ ಮಗುವಿನ ಮುಂದೆ ಓದುತ್ತದೆಯೋ ಇಲ್ಲವೋ ಎಂದು ಬರೆಯಬೇಕು.

ಬಾಗಿಲ ಬಳಿ ನಿಂತ ಶಾಂತಮಲ್ಲಪ್ಪನಿಗೆ ಒಳಗಿನದೆಲ್ಲ ಕಾಣುತ್ತಿತ್ತು. ನಾಲ್ಕನೆಯ ತರಗತಿಯ ನಯನಾ ಕೈಯಲ್ಲಿ ಪುಟ ಹಿಡಿದು, ಕಾಲಿನ ಹೆಬ್ಬೆರಳು ನೋಡುತ್ತ ನಿಂತಿದ್ದಳು.

"ಹೆದರಬೇಡ ಪುಟ್ಟಿ, ಓದು" ಎಂದು ಸಾರ್ ಅವಳ ಮುಖವನ್ನೇ ನೋಡಿದರು. ಮೆದು ಮನುಷ್ಯ, ಗದರಲಿಲ್ಲ. ಆದರೆ ಅವರು ನೋಡಿದಷ್ಟೂ ಅವಳ ತಲೆ ಬಗ್ಗಿತು. ಕೊನೆಗೆ ಅವರು ಅವಳ ಹೆಸರಿನ ಮುಂದೆ ಇಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, "ಮೇಡಮ್, ಹಾಡಿ ಮಕ್ಕಳದ್ದು ಮೂರನೇ ವರ್ಷವೂ ಇದೇ ಆಯ್ತು. ನಿಮ್ಮ ತಪ್ಪಲ್ಲ ಬಿಡಿ. ಮನೇಲಿ ಓದೋರು ಯಾರಿದ್ದಾರೆ?" ಎಂದರು. ಟೀಚರ್ ಸುಧಾಮಣಿಯ ಮುಖ ಬಾಡಿತು.

ಪುಟ್ಟಮಲ್ಲಮ್ಮ ಸುಳ್ಳು ಹೇಳಿದಳೆಂದೇ ಆ ಹಾಳೆಯಲ್ಲಿ ಬರೆದಂತೆ ಶಾಂತಮಲ್ಲಪ್ಪನಿಗೆ ಅನ್ನಿಸಿತು.

"ಒಸಿ ತಡೀರಿ ಸಾರ್. ಈ ಮಗ ಓದ್ತದೆ. ನಮ್ಮನೆಯವ್ರು ಹೇಳಿದ್ರು."

"ಅವರು ಟೀಚರಾ?"

"ಅಲ್ಲ. ಇಲ್ಲೇ ಅಡುಗೆ ಮಾಡ್ತಿದ್ರು."

"ಅವರಿಗೆ ಓದೋಕೆ ಬರ್ತಿತ್ತಾ?"

"ಇಲ್ಲ ಸಾರ್."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ತಾನು ಕೇಳಿದ್ದ ಪ್ರಶ್ನೆಯೇ ತಿರುಗಿ ಬಂದು ಎದುರು ನಿಂತಿತಲ್ಲ ಎಂದು ಅವನು ತಲೆ ತಗ್ಗಿಸಿದ.

ಸುಧಾಮಣಿ ಮೆಲ್ಲಗೆ ಹೇಳಿದಳು: "ಸಾರ್, ಅವರಿದ್ದಾಗ ಈ ಮಕ್ಕಳು ಬಿಡುವು ಸಿಕ್ಕರೆ ಅಡುಗೆಮನೆ ಜಗುಲಿಗೇ ಓಡೋವು. ತಿನ್ನೋ ಆಸೆಗೆ ಹೋಗ್ತಾವೆ ಅಂತ ನಾನೇ ಎಷ್ಟೋ ಸಲ ಎಬ್ಬಿಸಿಕೊಂಡು ಬಂದಿದೀನಿ."

ಶಾಂತಮಲ್ಲಪ್ಪ ನೇರ ಜಗುಲಿಗೆ ಹೋಗಿ, ಈಗಿನ ಅಡುಗೆಯವಳಾದ ಕರಿಯಮ್ಮನ ಮುಂದೆ ಚೀಲ ಸುರುವಿ ಕೂತ. "ಬಾ ಕಣಮ್ಮಿ ನಯನಾ. ಅಜ್ಜಿ ತಾವ ಏನ್ಮಾಡ್ತಿದ್ದೆ, ಅದ್ನೇ ಮಾಡು."

ನಯನಾ ಬಂದು ಕಂಬಕ್ಕೆ ಒರಗಿ ಕೂತಳು. ಅವಳ ಹಿಂದೆಯೇ ಬಂದ ಊರಿನ ಹುಡುಗ ದಿಲೀಪ, ಯಾರೂ ಹೇಳದೆಯೇ ಎರಡು ಕಿವಿಗೂ ಬೆರಳು ತುರುಕಿಕೊಂಡು ನಲ್ಲಿಯ ಕಡೆ ಓಡಿದ.

"ಅವ್ನಿಗೇನಾಯ್ತು?" ಎಂದರು ಸಾರ್.

"ಅವ್ನು ಅಂಗೇಯ. ನೀವೂ ಕಾಯಿ ಸುಲೀರಿ ಸಾರ್. ನನ್ ಮಕ ನೋಡ್ಬೇಡಿ" ಎಂದಳು ನಯನಾ.

ಸಾರ್ ನಗುತ್ತ ಪ್ಯಾಂಟು ಮಡಿಸಿ ಕೂತರು. ಬ್ಯಾಗಿನಿಂದ ಯಾವ ಮಗುವೂ ನೋಡಿರದ ಒಂದು ಪುಟ ತೆಗೆದುಕೊಟ್ಟು, ತಾವೂ ಅವರೆ ಸುಲಿಯತೊಡಗಿದರು. ಎಲ್ಲರ ಕಣ್ಣೂ ಕಾಯಿಯ ಮೇಲೆ. ಆಮೇಲೆ ನಯನಾಳ ದನಿ ಹೊರಟಿತು. ನೀರು ಹುಡುಕಿ ಹೊರಟ ಆಮೆಯ ಕತೆ. ಒಂದು ಕಡೆ ತಡವರಿಸಿದಳು, ಹಿಂದಕ್ಕೆ ಹೋಗಿ ಸರಿಮಾಡಿಕೊಂಡಳು, ಕೊನೆಯವರೆಗೂ ಓದಿದಳು. ಸಾರ್ ಕೈ ನಿಂತೇಹೋಗಿತ್ತು.

"ಸಾಕಮ್ಮ" ಎಂದರು.

"ಸಾಕಾಗಕಿಲ್ಲ ಸಾರ್, ಇನ್ನೂ ದಿಲೀಪ ಓದ್ಬೇಕು" ಎಂದವಳೇ, "ಬಾರ್ಲಾ ದಿಲೀಪ!" ಎಂದು ಕೂಗಿದಳು.

ದಿಲೀಪ ಓಡಿಬಂದು ಅದೇ ಪುಟ ಓದಿದ. ಅದೇ ಆಮೆ, ಅದೇ ನೀರು, ಒಂದು ಮಾತೂ ಬೇರೆಯಾಗಲಿಲ್ಲ.

"ಅಜ್ಜಿಗೆ ಅಕ್ಷರ ಬರ್ತಿರ್ನಿಲ್ವಲ್ಲ" ಎಂದು ನಯನಾ ವಿವರಿಸಿದಳು. "ಅದ್ಕೆ ಒಬ್ರು ಓದುವಾಗ ಇನ್ನೊಬ್ರು ಕೇಳ್ಬಾರ್ದು. ಆಮೇಲೆ ಅವ್ರು ಓದ್ಬೇಕು. ಎರಡೂ ಒಂದೇ ಆದ್ರೆ ದಿಟ. ಬ್ಯಾರೆ ಆದ್ರೆ ಇಬ್ರೂ ಇನ್ನೊಂದು ಸಲ ಓದ್ಬೇಕಾಗಿತ್ತು."

"ಇವಳಿಂದ ನಾನು ಮೂರ್ಮೂರು ಸಲ ಓದಿವ್ನಿ ಸಾರ್" ಎಂದ ದಿಲೀಪ.

"ನಿನ್ನಿಂದ್ಲೇ ನಾನು ಓದಿದ್ದು, ಓಗ್ಲಾ!"

ಎಲ್ಲರೂ ನಕ್ಕರು. ಶಾಂತಮಲ್ಲಪ್ಪ ಮಾತ್ರ ಸುಲಿಯದ ಕಾಯೊಂದನ್ನು ಹಿಡಿದು ಹಾಗೆಯೇ ಕೂತಿದ್ದ. ಗೊತ್ತಾಯ್ತದೆ ಬುಡಿ. ಆಕೆಯ ದನಿ ಪಕ್ಕದಲ್ಲೇ ಕೇಳಿದಂತಾಯಿತು. "ಶಿವನೇ" ಎಂದು ಹೆಗಲ ವಲ್ಲಿಯಿಂದ ಕಣ್ಣೊರೆಸಿಕೊಂಡ. ಐದು ತಿಂಗಳಿಂದ ಎದೆಯಲ್ಲಿ ಹೊತ್ತಿದ್ದ ಭಾರ ಇಳಿದು, ಬೆಳಗಿನ ಬಿಸಿಲು ಹಿತವೆನಿಸಿತು.

ಸಾರ್ ಪೆನ್ಸಿಲಿನ ಗುರುತನ್ನು ಉಜ್ಜಿ ಅಳಿಸಿದರು. ಉಳಿದ ಮಕ್ಕಳನ್ನೂ ಜಗುಲಿಗೇ ಕರೆಸಿದರು. ಮಧ್ಯಾಹ್ನದ ಹೊತ್ತಿಗೆ ಹಾಡಿಯ ಒಂಬತ್ತರಲ್ಲಿ ಆರು ಮಕ್ಕಳು ಓದಿದ್ದವು. ಮೂವರಿಗೆ ನಿಜಕ್ಕೂ ಬರುತ್ತಿರಲಿಲ್ಲ, ಹಾಗೆಂದೇ ಬರೆದುಕೊಂಡರು. ಅಷ್ಟರಲ್ಲಿ ಅವರೆ ಸುಲಿಯುವುದೂ ಮುಗಿದು, ಕರಿಯಮ್ಮ ಕಾಳಿನ ಸಾರಿಗೆ ಒಗ್ಗರಣೆ ಹಾಕಿದಳು.

ಊಟ ಮುಗಿಸಿ ಖಾಲಿ ಚೀಲ ಮಡಿಸುತ್ತಿದ್ದ ಶಾಂತಮಲ್ಲಪ್ಪನ ಬಳಿಗೆ ನಯನಾ ಬಂದಳು. ಹಿಂದೆ ಓದು ಬಾರದ ಆ ಮೂವರು ಚಿಕ್ಕವರಿದ್ದರು.

"ತಾತ, ನಿಮ್ಗೆ ಓದಕ್ಕೆ ಬತ್ತದಾ?"

ಅವನು ಬೆಟ್ಟದ ಕಡೆ ನೋಡಿದ. ಸೋಮವಾರ, ಬೆಳಿಗ್ಗೆ ವಚನ ಓದುವಾಗ ಹಣೆಯಲ್ಲಿದ್ದ ವಿಭೂತಿ ಇನ್ನೂ ಮಾಸಿರಲಿಲ್ಲ. ಮನಸ್ಸಿನಲ್ಲೇ ದೇವರಲ್ಲಿ ತಪ್ಪೊಪ್ಪಿಕೊಂಡು ಹೇಳಿದ:

"ಇಲ್ಲ ಕಣವ್ವ, ಬರಕಿಲ್ಲ."

"ಅಂಗಾರೆ ನಾಳಿಕೆ ಬನ್ನಿ. ಅವರೆಕಾಯಿ ಮರೀಬೇಡಿ" ಎಂದಳು ನಯನಾ.