ಹೆಂಗಸರ ಕಡೆಯ ಫೋಲ್ಡರ್

ಝುಲೀಖಾಳ ಸ್ಟುಡಿಯೊದಲ್ಲಿ ಮದುವೆಮನೆಯ ಹೆಂಗಸರ ಕಡೆಯ ಫೋಟೊಗಳನ್ನು ಹೆಂಗಸರೇ ತೆಗೆದು, ಹೆಂಗಸರೇ ತಿದ್ದಿ, ಮದುಮಗಳ ಕೈಗೇ ಒಪ್ಪಿಸುತ್ತಿದ್ದರು. ಗಂಡಸರ ಕಣ್ಣು ಬೀಳಕೂಡದು. ತ್ಲೆಮ್ಸೆನ್ ಪಟ್ಟಣದ ಮನೆಗಳು ಅವಳನ್ನು ಕರೆಯುತ್ತಿದ್ದದ್ದೇ ಆ ನಂಬಿಕೆಯ ಮೇಲೆ.

ಹೊಸ ಸರ್ವರ್ ಬಂದಾಗ ಅದನ್ನು ಜೋಡಿಸುವ ಕೆಲಸ ಅಲ್ಲಿ ಫೋಟೊ ತಿದ್ದುತ್ತಿದ್ದ ವಸೀಲಾಳ ಪಾಲಿಗೆ ಬಿತ್ತು. ಇನ್ನು ಎಲ್ಲ ಕಂಪ್ಯೂಟರುಗಳೂ ಆ ಕಪ್ಪು ಪೆಟ್ಟಿಗೆಯಲ್ಲೇ ಫೋಟೊ ಇಟ್ಟು, ಅಲ್ಲಿಂದಲೇ ತೆಗೆಯಬೇಕು. ಹೆಂಗಸರ ಫೋಲ್ಡರಿಗೆ ಅವಳು ಬೇರೆ ಪಾಸ್‌ವರ್ಡ್ ಹಾಕಿದಳು. ಅದರೊಳಗೆ ಅವಳ ತಂಗಿ ನೂರಿಯಾಳ ಮದುವೆಯೂ ಇತ್ತು. ವಸಂತದಲ್ಲಿ ನೂರಿಯಾ ಹೆರಿಗೆಯಲ್ಲಿ ತೀರಿಕೊಂಡಳು. ಆಲ್ಬಮ್ ಗಂಡನ ಮನೆಯಲ್ಲೇ ಉಳಿಯಿತು. ತವರಿನವರು ಕೇಳಲಿಲ್ಲ, ಅವರು ಕೊಡಲಿಲ್ಲ. ವಸೀಲಾ ಆ ಹೆಸರನ್ನು ಓದಿ ಮುಂದಿನ ಹೆಸರಿಗೆ ಹೋದಳು.

"ಮುಂಗೋಣೆ ಟಿವಿಗೂ ಫೋಟೊ ಕೊಡು ವಸೀಲಾ," ಝುಲೀಖಾಳ ತಮ್ಮ ಮುರಾದ್ ಬಾಗಿಲಾಚೆಯಿಂದ ಕೂಗಿದ. "ಬಂದ ಗಿರಾಕಿಗಳು ನನ್ನ ಮುಖಾನೇ ನೋಡ್ಕೊಂಡು ಕೂತಿರ್ತಾರೆ."

"ಅದಕ್ಕೇ ಮದುವೇನೇ ಬೇಡ ಅಂತ ಎದ್ದೋಗ್ತಾರೆ," ಎಂದು ಝುಲೀಖಾ ಹಿಂದಿನ ಕೋಣೆಯಿಂದ ಅಂದಳು.

ಟಿವಿಗೆ ಚಿತ್ರ ಕಳಿಸುವ ಸೇವೆಯನ್ನು ವಸೀಲಾ ಶುರು ಮಾಡಿದಳು. ಆ ಸೇವೆ ಪಾಸ್‌ವರ್ಡ್ ಕೇಳುವುದಿಲ್ಲ. ಯಾವ ಫೋಲ್ಡರ್ ತೋರಿಸಬಾರದೆಂದು ನಾವೇ ಹೇಳಬೇಕು. ಅವಳಿಗೆ ಅದು ಗೊತ್ತಿತ್ತು. ಹೇಳಲಿಲ್ಲ, ಅಷ್ಟೆ.

"ಟಿವಿ ಆರಿಸು! ವಸೀಲಾ, ಆರಿಸೇ!" ಮುರಾದ್ ಕಿರುಚಿದ.

ಅವಳು ಮುಂಗೋಣೆಗೆ ಬಂದಾಗ ಟಿವಿಯ ತುಂಬ ನೂರಿಯಾ ಇದ್ದಳು. ಕೂದಲು ಬಿಚ್ಚಿತ್ತು, ಕುಣಿಯುತ್ತ ಎತ್ತಿದ ತೋಳುಗಳು ಬರಿದಾಗಿದ್ದವು. ಕಾಯುತ್ತಿದ್ದ ಮುದುಕ ಗೋಡೆಗೆ ಮುಖ ಮಾಡಿ ನಿಂತಿದ್ದ. ಅವನ ಜೊತೆಯವನು ತನ್ನ ಬೂಟು ನೋಡುತ್ತಿದ್ದ. ಮುರಾದ್ ಕಣ್ಣು ಮುಚ್ಚಿಕೊಂಡೇ ರಿಮೋಟಿಗಾಗಿ ಸೋಫಾ ತಡಕುತ್ತಿದ್ದ. ಚಿತ್ರ ಬದಲಾಯಿತು, ನೂರಿಯಾ ಬಾಯಿ ತುಂಬ ಏನೋ ತಿನ್ನುತ್ತಿದ್ದಳು. ಅದೂ ಬದಲಾದ ಮೇಲೆ ವಸೀಲಾ ಟಿವಿಯ ವೈರು ಕಿತ್ತಳು.

ಗಿರಾಕಿಗಳು ಹೊರಟುಹೋದರು. ವಸೀಲಾ ಸೇವೆಯನ್ನೂ ನಿಲ್ಲಿಸಿದಳು. ಆಮೇಲೆ ಬಂದ ಝುಲೀಖಾಳಿಗೆ ಮುರಾದ್ ನಡೆದದ್ದನ್ನು ಹೇಳಿದ.

"ಬೇರೆಯವರ ಬಾಯಿಂದ ಗೊತ್ತಾಗೋ ಮುಂಚೆ ನಾವೇ ಹೋಗಿ ಕ್ಷಮೆ ಕೇಳ್ಬೇಕು," ಎಂದು ಅವಳು ಕೈಚೀಲ ತೆಗೆದುಕೊಂಡಳು. "ಮಾಡಿದೋಳು ನೀನು, ನೀನೂ ಬಾ. ಯಾರ ಮನೆ ಹುಡುಗಿ?"

"ನಮ್ಮನೇದು."

ಝುಲೀಖಾ ಕುರ್ಚಿಯಲ್ಲಿ ಕೂತಳು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, "ಆದ್ರೂ ಹೋಗ್ಬೇಕು, ಮಗಳೇ," ಎಂದಳು.

ದಾರಿಯಲ್ಲಿ ಸಿಹಿ ಕಟ್ಟಿಸಿಕೊಂಡರು. ವಸೀಲಾ ತನ್ನದೇ ಮನೆಯ ಬಾಗಿಲು ತಟ್ಟಿ, ಒಳಗೆ ಬನ್ನಿ ಅನ್ನುವ ತನಕ ಹೊರಗೆ ನಿಂತಳು. ಅತಿಥಿಗಳ ಜಾಗದಲ್ಲಿ ಝುಲೀಖಾಳ ಪಕ್ಕ ಕೂತಳು. ತಾಯಿ ಎಲ್ಲವನ್ನೂ ಕೇಳಿಸಿಕೊಂಡು ಇಬ್ಬರಿಗೂ ಕಾಫಿ ಬಗ್ಗಿಸಿದಳು.

"ತಪ್ಪಾಯ್ತಮ್ಮಾ," ಎಂದಳು ವಸೀಲಾ. ಬೇರೆ ಯಾರದೋ ಪರವಾಗಿ ಹೇಳಿದ ಹಾಗಿತ್ತು.

"ಆಯ್ತು, ದೇವರು ಕ್ಷಮಿಸ್ಲಿ." ತಾಯಿ ಲೋಟಗಳನ್ನು ಮುಂದಕ್ಕೆ ಸರಿಸಿದಳು. "ಅಲ್ಲ ಕಣೇ, ಆ ಫೋಟೊ ನಮ್ಮ ಟಿವೀಲೂ ಬರತ್ತಾ?"

"ಇಲ್ಲಿಗೆ ಬರಲ್ಲಮ್ಮಾ. ಆ ಕಟ್ಟಡದೊಳಗಷ್ಟೇ."

"ಹಾಗಾದ್ರೆ ನಾನೇ ಅಲ್ಲಿಗೆ ಬರ್ತೀನಿ. ಯಾವತ್ತು ಬರ್ಲಿ?"

"ಶುಕ್ರವಾರ ಬಾ," ಎಂದಳು ಝುಲೀಖಾ, ಲೋಟ ನೋಡುತ್ತ. "ಮುರಾದ್‌ಗೆ ಅವತ್ತು ಮನೇಲೇ ಇರು ಅಂತೀನಿ."

ಹಾಗಾದರೆ ಸೇವೆಯನ್ನು ಮತ್ತೆ ಶುರು ಮಾಡಬೇಕು, ಈ ಸಲ ನೂರಿಯಾಳ ಆ ಒಂದು ಫೋಲ್ಡರನ್ನು ಮಾತ್ರ ತೋರಿಸುವಂತೆ ಮಾಡಬೇಕು ಎಂದು ವಸೀಲಾ ಯೋಚಿಸಿದಳು. ಕಿತ್ತ ವೈರನ್ನೂ ಮತ್ತೆ ಸಿಕ್ಕಿಸಬೇಕಿತ್ತು. ಅವಳು ಕಾಫಿ ಕುಡಿದಳು.