ಸೊಪ್ಪಿನ ಸರದಿ

ಯೋಗಾನಂದನ ನಗು ಮುಗಿಯುವ ಮೊದಲೇ ಸುಚಿತ್ರಾ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಎತ್ತಿಕೊಂಡು, ಅವನು ಮಾತಾಡಿ ಕಳಿಸಿದ್ದನ್ನು ಮೊದಲಿನಿಂದ ಕೇಳಿದಳು.

"ಒಂಬತ್ನೇ ಕ್ಲಾಸಲ್ಲಿ ನಮ್ ರೇಷ್ಮೆ ಹುಳ ಎಲ್ಲಾ ಸತ್ತೋದ್ವಲ್ಲ, ಜ್ಞಾಪ್ಕ ಐತಾ? ಅವತ್ತು ಸೊಪ್ಪಿನ ಸರದಿ ನಂದು ಕಣಮ್ಮಿ. ಎದ್ದಿದ್ದೇ ಲೇಟು. ನಮ್ ತೋಟದ್ ತಂಕ ಯಾರ್ ಹೋಗ್ತಾರೆ ಅಂತ ದಾರೀಲಿ ಟೊಮೇಟೊ ಹೊಲದ್ ಬದೀಲಿದ್ ಸೊಪ್ಪ ಕಿತ್ಕಂಡ್ ಬಂದ್ಬುಟ್ಟೆ. ಹಿಂದಿನ್ ದಿನ್ವೇ ಅಲ್ಲಿ ಔಷ್ದಿ ಹೊಡ್ದಿದ್ರು. ಸೊಪ್ಪೆಲ್ಲಾ ವಾಸ್ನೆ. ಇದ್ನ ಬುಕ್ಕಲ್ಲಿ ಹಾಕು, ಎಲ್ರೂ ಒಸಿ ನಗ್ಲಿ."

ತೊಂಬತ್ತೆಂಟನೇ ಇಸವಿಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರೆಲ್ಲ ಬರುವ ಭಾನುವಾರ ಹಳೆಯ ಶಾಲೆಯಲ್ಲಿ ಸೇರುವುದಿತ್ತು. ಮೇಷ್ಟ್ರುಗಳಿಗೆ ಶಾಲು ಹೊದಿಸಿ, ಊಟ ಮಾಡಿ, ಎಲ್ಲರ ನೆನಪುಗಳನ್ನು ಒಂದು ಪುಸ್ತಕ ಮಾಡಿ ಹಂಚುವುದೆಂದು ಮಾತಾಗಿತ್ತು. ರಾಮನಗರದಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡುವ ಸುಚಿತ್ರಾಳ ಪಾಲಿಗೆ ಪುಸ್ತಕದ ಕೆಲಸ ಬಂದಿತ್ತು. ಬರೆಯಲು ಬೇಸರಪಡುವವರು ಫೋನಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಅವಳು ಕೇಳಿ ಕೇಳಿ ಬರೆದುಕೊಳ್ಳುತ್ತಿದ್ದಳು. ಮುಳ್ಳು ತುಳಿದ ಹುಡುಗಿಗೆ ಆಫ್ತಾಬ್ ತನ್ನ ಚಪ್ಪಲಿ ಕೊಟ್ಟು ಮೂರು ಮೈಲಿ ಬರಿಗಾಲಲ್ಲಿ ನಡೆದದ್ದು ಐದು ಜನರ ನೆನಪಿನಲ್ಲಿತ್ತು. ಆಫ್ತಾಬನಿಗೇ ಅದು ನೆನಪಿರಲಿಲ್ಲ. ಇಂಥವನ್ನು ಬರೆದುಕೊಳ್ಳುವಾಗ ನಮ್ಮದು ಒಳ್ಳೆಯ ಕ್ಲಾಸಾಗಿತ್ತು ಅನ್ನಿಸುತ್ತಿತ್ತು ಅವಳಿಗೆ.

ಹುಳುಗಳ ವಿಷಯ ಈವರೆಗೆ ಯಾರೂ ಎತ್ತಿರಲಿಲ್ಲ.

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಚಲುವಯ್ಯ ಮೇಷ್ಟ್ರು ಉಗ್ರಾಣದ ಕೋಣೆಯಲ್ಲಿ ಎರಡು ಬಿದಿರ ತಟ್ಟೆ ಇಟ್ಟು ರೇಷ್ಮೆ ಹುಳು ಸಾಕಿಸಿದ್ದರು. ಗೂಡು ಕಟ್ಟಿದ ಮೇಲೆ ಕನಕಪುರದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಒಯ್ಯಬೇಕೆಂದಿತ್ತು. ಮನೆಯಿಂದ ಹಿಪ್ಪುನೇರಳೆ ಸೊಪ್ಪು ತರಲು ದಿನಕ್ಕೊಬ್ಬ ಹುಡುಗನ ಸರದಿ, ಹಿಕ್ಕೆ ತೆಗೆದು ತಟ್ಟೆ ಚೊಕ್ಕಟ ಮಾಡಲು ದಿನಕ್ಕೊಬ್ಬ ಹುಡುಗಿಯ ಸರದಿ. ಹುಳುಗಳು ನಾಲ್ಕನೇ ಜ್ವರ ಬಿಟ್ಟು, ಕೊನೆಯ ಪೊರೆ ಕಳಚಿ ಎದ್ದಿದ್ದವು. ಇನ್ನೊಂದು ವಾರಕ್ಕೆ ಹಣ್ಣಾಗಿ ಗೂಡಿಗೆ ಹತ್ತಬೇಕಾಗಿದ್ದಂಥವು. ಆ ದಿನ ಬೆಳಿಗ್ಗೆ ತಟ್ಟೆ ಚೊಕ್ಕಟ ಮಾಡುವ ಸರದಿ ಭಾನುಪ್ರಿಯಳದು. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಹುಳುಗಳು ತಲೆ ಕೊಡವುತ್ತ, ಬಾಯಿಂದ ಹಸಿರು ನೀರು ಬಿಡುತ್ತ ಸಾಯತೊಡಗಿದವು.

ಅಂದು ಬೆಳಿಗ್ಗೆ ನಲ್ಲಿಯ ಹತ್ತಿರ ಭಾನುಪ್ರಿಯ ಸುಚಿತ್ರಾಳನ್ನು ಪಕ್ಕಕ್ಕೆ ಕರೆದು ತಾನು ಮುಟ್ಟಾಗಿರುವುದನ್ನು ಹೇಳಿದ್ದಳು. ಸುಚಿತ್ರಾ ತನ್ನ ಎರಡು ಕರ್ಚೀಫನ್ನೂ ಲಂಗದ ಪಿನ್ನನ್ನೂ ಕೊಟ್ಟು, ಅವಳು ಬರುವ ತನಕ ಶೌಚಾಲಯದ ಬಾಗಿಲಿಗೆ ಅಡ್ಡ ನಿಂತಿದ್ದಳು. ಅದೇ ಮಧ್ಯಾಹ್ನ ಹುಡುಗಿಯರೆಲ್ಲ ಸತ್ತ ಹುಳುಗಳ ಸುತ್ತ ನಿಂತು ಹೀಗೇಕಾಯಿತು ಎನ್ನುತ್ತಿದ್ದಾಗ, ಭಾನುಪ್ರಿಯಳಿಗೆ ಮುಟ್ಟು, ಆದರೂ ಒಳಗೆ ಹೋಗಿದ್ದಳು ಎಂದು ಸುಚಿತ್ರಾಳೇ ಹೇಳಿದಳು. ಯಾಕೆ ಹೇಳಿದಳೆಂದು ಅವಳಿಗೆ ಇವತ್ತಿಗೂ ತಿಳಿಯದು. ಯಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಿದೆಯೆಂದು ತೋರಿಸಿಕೊಳ್ಳುವ ಆಸೆ ಇದ್ದಿರಬಹುದು. ಮಾತು ಗಳಿಗೆಯೊಳಗೆ ಹುಡುಗರ ಬೆಂಚು ಮುಟ್ಟಿ, ಅಲ್ಲಿಂದ ಮೇಷ್ಟ್ರಿಗೂ ತಲುಪಿತು. ಚಲುವಯ್ಯ ಮೇಷ್ಟ್ರು ಬೈಯಲಿಲ್ಲ. ಇನ್ನು ಹುಡುಗಿಯರು ಆ ಕೋಣೆಗೆ ಹೋಗುವುದು ಬೇಡ ಎಂದಷ್ಟೇ ಹೇಳಿ ಕಪ್ಪುಹಲಗೆಯ ಕಡೆ ತಿರುಗಿದರು. ಭಾನುಪ್ರಿಯ ಎದುರಾದರೆ ಹುಡುಗರು ತಲೆ ಕೊಡವುತ್ತ ಸಾಯುವ ಹುಳುವಿನಂತೆ ನಟಿಸುತ್ತಿದ್ದರು. ದಸರಾ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ.

ಹತ್ತನೇ ತರಗತಿಯಲ್ಲಿ ಇರಲಿಲ್ಲವಾದ್ದರಿಂದ ಭಾನುವಾರದ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ. ಪಟ್ಟಿ ಮಾಡಿದವಳು ಸುಚಿತ್ರಾಳೇ.

ಅವಳು ಯೋಗಾನಂದನಿಗೆ ಫೋನು ಮಾಡಿ, ಭಾನುಪ್ರಿಯ ಎಲ್ಲಿದ್ದಾಳೆ ಎಂದು ಕೇಳಿದಳು. ಕೈಲಾಂಚದಿಂದಾಚೆ ಒಂದು ಹಳ್ಳಿಯಲ್ಲಿ ಎಂದ. ಅವಳ ಗಂಡ ಗೂಡು ಮಾರುಕಟ್ಟೆಗೆ ಬಂದಾಗಲೆಲ್ಲ ಸಿಗುತ್ತಾನಂತೆ; ಟೀ ಕುಡಿಯುತ್ತಾರಂತೆ. ಸೊಪ್ಪಿನ ವಿಷಯ ಯಾವತ್ತಾದರೂ ಹೇಳಿದ್ದೀಯಾ ಎಂದು ವಿಚಾರಿಸಿದಳು.

"ಬುಡಮ್ಮಿ, ಅದ್ಯಾವ್ ಕಾಲದ್ ಕತೆ. ಅವ್ಳನ್ನ ಯಾರೂ ಹೋಗು ಅನ್ನಿಲ್ವಲ್ಲ. ಇಷ್ಟ ಇಲ್ದಿದ್ರೆ ಬುಕ್ಕಲ್ ಹಾಕ್ಬೇಡ. ಮೇಷ್ಟ್ರಿಗೆ ಎಂಬತ್ತಾಯ್ತು. ಅವ್ರ ಮುಂದೆ ಇವೆಲ್ಲಾ ಯಾಕೆ?"

ಮರುದಿನ ಸುಚಿತ್ರಾ ಅರ್ಧ ದಿನ ರಜೆ ಹಾಕಿ ಕೈಲಾಂಚದ ಬಸ್ಸು ಹತ್ತಿದಳು. ಸೊಪ್ಪಿನ ವಿಷಯ ಹೇಳಿಬಿಡುವುದು ಕಷ್ಟವೆನಿಸಲಿಲ್ಲ. ತನ್ನ ಪಾಲನ್ನೂ ಹೇಳಬೇಕೆ ಎನ್ನುವುದು ಮಾತ್ರ ದಾರಿಯುದ್ದಕ್ಕೂ ತೀರ್ಮಾನವಾಗಲಿಲ್ಲ.

ಮನೆಯ ಪಕ್ಕದಲ್ಲೇ ಶೀಟು ಹೊದಿಸಿದ ಉದ್ದನೆಯ ಹುಳದ ಮನೆಯಿತ್ತು. ಒಬ್ಬ ಮುದುಕಿ ಸೊಪ್ಪಿನ ಕಡ್ಡಿಯ ಹೊರೆಯನ್ನು ಎದೆಗೆ ಅವುಚಿಕೊಂಡು ಒಳಗೆ ಹೋಗುತ್ತಿದ್ದಳು, ಖಾಲಿ ಕೈಯಲ್ಲಿ ಹೊರಗೆ ಬರುತ್ತಿದ್ದಳು. ಆಕೆ ಭಾನುಪ್ರಿಯಳ ಅತ್ತೆ ದೊಡ್ಡಲಕ್ಷ್ಮಮ್ಮ. ಜಗಲಿಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಪರೀಕ್ಷೆಗೆ ಓದಿಕೊಳ್ಳಲು ರಜೆಯಲ್ಲಿದ್ದ ಹತ್ತನೇ ತರಗತಿಯ ಹುಡುಗಿಯೊಬ್ಬಳು ಗಣಿತ ಮಾಡುತ್ತಿದ್ದಳು. ಮಗಳು ಸಿರಿ ಎಂದು ಭಾನುಪ್ರಿಯ ಪರಿಚಯ ಮಾಡಿಕೊಟ್ಟಳು. ಮೂರು ದಿನ ಅವಳು ಒಳಗೆ ಬರುವ ಹಾಗಿಲ್ಲ, ಹುಳ ದೊಡ್ಡವಾಗಿವೆ ಎಂದು ದನಿ ತಗ್ಗಿಸಿ ಹೇಳಿದಳು.

ಭಾನುಪ್ರಿಯ ಸೊರಗಿದ್ದಳು, ಆದರೆ ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಬಿಸಿಲಿನಲ್ಲಿ ಬಂದವಳೆಂದು ನೀರು ಕೊಟ್ಟು, ಮಜ್ಜಿಗೆ ಕೊಟ್ಟು, ಸುಚಿತ್ರಾಳ ಮಕ್ಕಳ ಹೆಸರು ಕೇಳಿದಳು. ಶಾಲೆಯ ವಿಷಯ ಕೇಳಲಿಲ್ಲ. ಸುಚಿತ್ರಾ ಭಾನುವಾರದ ವಿಷಯ ತಿಳಿಸಿ, ಇದನ್ನು ನೀನು ಕೇಳಬೇಕು ಎಂದು ಫೋನು ಮುಂದಿಟ್ಟಳು.

ಯೋಗಾನಂದನ ಮಾತು ಮುಗಿಯಿತು, ನಗುವೂ ಮುಗಿಯಿತು. ಭಾನುಪ್ರಿಯ ಇನ್ನೊಂದು ಸಲ ಹಾಕು ಎಂಬಂತೆ ಬೆರಳು ತೋರಿಸಿದಳು. ಎರಡನೇ ಸಲ ಕೇಳುವಾಗ ದೊಡ್ಡಲಕ್ಷ್ಮಮ್ಮನೂ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಹಸ್ರು ಕಕ್ಕಿದ್ವಾ ಹುಳ?" ಎಂದು ಕೇಳಿದಳು ಮುದುಕಿ.

ಹೌದು ಎಂದಳು ಸುಚಿತ್ರಾ.

"ಹಂಗಾರೆ ಔಷ್ದಿ ಸೊಪ್ಪೇ ಕಣವ್ವ. ಹುಳ ಸಾಕೋ ಮನೆ ಕೂಸ್ಗೂ ಗೊತ್ತಾಯ್ತದೆ. ನಿಮ್ ಕ್ಲಾಸಲ್ಲಿ ಯಾರ್ ಮನೇಲೂ ಹುಳ ಇರ್ನಿಲ್ವಾ?"

ಸುಚಿತ್ರಾಳ ಅಪ್ಪ ಪೋಸ್ಟ್‌ಮ್ಯಾನ್. ಅವಳಿಗೆ ಹುಳುವಿನ ವಿಷಯ ತಿಳಿಯದು. ಆದರೆ ಉಳಿದ ನಲವತ್ತು ಮಕ್ಕಳಲ್ಲಿ ಮುಕ್ಕಾಲು ಪಾಲು ಬೆಳಿಗ್ಗೆ ಸೊಪ್ಪು ಹಾಕಿ ಶಾಲೆಗೆ ಬರುತ್ತಿದ್ದವರು. ಚಲುವಯ್ಯ ಮೇಷ್ಟ್ರ ಮನೆಯಲ್ಲೂ ಹುಳುವಿತ್ತು. ಆ ಹಸಿರು ನೀರನ್ನು ಎಲ್ಲರೂ ನೋಡಿದ್ದರು. ಇಷ್ಟು ವರ್ಷ ಅವಳಿಗೆ ಹೊಳೆಯದಿದ್ದ ಈ ಸಂಗತಿ ಈಗ ಮಜ್ಜಿಗೆಯ ಲೋಟ ಕೈಯಲ್ಲಿರುವಾಗ ಹೊಳೆಯಿತು.

"ನಾನು ಇದೇ ಮನೇಲಿ ನಲ್ವತ್ ವರ್ಸದಿಂದ ಹುಳ ಸಾಕಿವ್ನಿ," ಎಂದಳು ದೊಡ್ಡಲಕ್ಷ್ಮಮ್ಮ. "ಒಂದಿನ ಆಚೆ ಕೂತವ್ಳಲ್ಲ. ಕೂತ್ರೆ ಸೊಪ್ಪ್ ಹಾಕೋರ್ಯಾರು, ಇವ್ಳ್ ಮಾವ್ನಾ? ಬಾಯ್ಬುಟ್ ಯೋಳ್ನಿಲ್ಲ ಅಷ್ಟೆಯ. ಇವ್ಳು ಬಂದಾಗ್ಲಿಂದ ಹಟ ಹಿಡ್ದು ಕೂತ್ಕತಾಳೆ. ಏನೋ ಮಡಿವಂತೆ ಅಂತ ನಾನೂ ಸುಮ್ಕಾದೆ."

ಭಾನುಪ್ರಿಯ ಅತ್ತೆಯ ಮುಖವನ್ನೇ ನೋಡಿದಳು. "ನಂಗ್ಯಾಕ್ ಯೋಳ್ನಿಲ್ಲ ಅತ್ತೆ?" ಎಂದಳು.

"ನೀನ್ ಯಾವತ್ ಕೇಳ್ದೆ?" ಎಂದಳು ಮುದುಕಿ. ದನಿಯಲ್ಲಿ ಒರಟುತನವಿರಲಿಲ್ಲ.

ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು ಸುಚಿತ್ರಾಳಿಗೆ. ಅವಳು ಲೋಟ ಕೆಳಗಿಟ್ಟು, "ಭಾನು, ಅವತ್ತು ನಿನ್ನ ವಿಷಯ ಎಲ್ಲರಿಗೂ..." ಎಂದು ತೊಡಗಿದಳು.

"ಗೊತ್ತು," ಎಂದಳು ಭಾನುಪ್ರಿಯ. "ನಿನ್ ಬುಟ್ರೆ ಇನ್ಯಾರಿಗ್ ಯೋಳಿದ್ದೆ ನಾನು?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಚಿತ್ರಾಳಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಒಂದು ಬೆಳೆ ಹುಳು ಪೂರ್ತಿ ಹೋಯಿತೆಂದೂ, ಆವತ್ತು ತಾನು ಆ ಕಡೆ ತಲೆ ಕೂಡ ಹಾಕಿರಲಿಲ್ಲವೆಂದೂ, ಆದರೂ ಮನಸ್ಸಿನಲ್ಲಿ ತನ್ನದೇ ತಪ್ಪೆಂದು ಹೆದರಿ ಒಂದು ವಾರ ಸರಿಯಾಗಿ ಉಣ್ಣಲಿಲ್ಲವೆಂದೂ ಭಾನುಪ್ರಿಯ ಬೇರೆ ಯಾರದೋ ಕತೆಯೆಂಬಂತೆ ಹೇಳಿದಳು.

ಜಗಲಿಯ ಮೂಲೆಯಲ್ಲಿ ಪುಸ್ತಕ ಮುಚ್ಚಿದ ಸದ್ದಾಯಿತು. ಸಿರಿ ಎದ್ದು ಅಂಗಳಕ್ಕಿಳಿದಳು. ಅಜ್ಜಿ ಬಿಟ್ಟುಬಂದಿದ್ದ ಹೊರೆಯಿಂದ ಒಂದು ತೆಕ್ಕೆ ಸೊಪ್ಪು ಎತ್ತಿಕೊಂಡು ಹುಳದ ಮನೆಯ ಕಡೆ ನಡೆದಳು.

"ಸಿರಿ," ಎಂದಳು ಭಾನುಪ್ರಿಯ.

ಹುಡುಗಿ ಹೊಸ್ತಿಲಲ್ಲಿ ನಿಂತಳು, ತಿರುಗಲಿಲ್ಲ. ಭಾನುಪ್ರಿಯಳ ಕೈ ಮೇಲೆದ್ದಿತ್ತು. ಮುದುಕಿ ಸೊಸೆಯ ಆ ಕೈಯನ್ನು ಹಿಡಿದು, ಮೆಲ್ಲಗೆ ಕೆಳಗಿಳಿಸಿ, ತನ್ನ ಕೈಯಲ್ಲೇ ಇಟ್ಟುಕೊಂಡಳು. ಸಿರಿ ಒಳಗೆ ಹೋದಳು.

ಭಾನುಪ್ರಿಯ ಬಾಗಿಲ ಕಡೆಯಿಂದ ಕಣ್ಣು ತೆಗೆಯದೆಯೇ ಕೇಳಿದಳು.

"ಆ ಬುಕ್ಕು ಎಲ್ರಿಗೂ ಕೊಡ್ತೀರಾ?"

"ಎಲ್ಲರಿಗೂ."

"ಮೇಷ್ಟ್ರಿಗೂ?"

"ಮೇಷ್ಟ್ರಿಗೂ."

"ಹಂಗಾರೆ ಹಾಕ್ಸು. ನಗೋ ಹಂಗೆ ಬ್ಯಾಡ. ನನ್ನೆಸ್ರೂ ಹಾಕ್ಸು. ನೀನ್ ಯೋಳಿದ್ದೂ ಬರಿ."

ಸುಚಿತ್ರಾಳ ಕಣ್ಣ ಮುಂದೆ ಭಾನುವಾರದ ಶಾಮಿಯಾನ, ಪುಸ್ತಕ ತಿರುವಿಹಾಕುವ ನಲವತ್ತು ಜೊತೆ ಕೈಗಳು, ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಮೇಷ್ಟ್ರು ಬಂದು ಹೋದರು. ತನ್ನ ಶಾಲೆಯ ಹುಡುಗಿಯರ ಕೈಗೂ ಆ ಪುಸ್ತಕ ಸಿಗಬಹುದು.

"ಬರೀತೀನಿ," ಎಂದಳು.

ಭಾನುವಾರ ಬಾ ಎಂದು ಕರೆದಾಗ ಭಾನುಪ್ರಿಯ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೂರೂವರೆ ಬಸ್ಸು ತಪ್ಪಿದರೆ ಆಮೇಲೆ ಆರಕ್ಕೇ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ರಸ್ತೆಯವರೆಗೆ ಜೊತೆಗೆ ಬಂದಳು. ದಾರಿಯಲ್ಲಿ ಎದುರಿಗೆ ಸಿಕ್ಕ ಹೆಂಗಸು ಯಾರವ್ವ ಇವರು ಎಂದಾಗ, ನಮ್ಮ ಕ್ಲಾಸಿನವಳು ಎಂದಷ್ಟೇ ಹೇಳಿದಳು.

ಬಸ್ಸು ಬಂತು. ಸುಚಿತ್ರಾ ಹತ್ತುವ ಮೊದಲೇ ಭಾನುಪ್ರಿಯ ಎರಡು ಮೆಟ್ಟಿಲೇರಿ, ಬಾಗಿಲ ಪಕ್ಕದ ಖಾಲಿ ಸೀಟಿನ ಮೇಲೆ ಕೆಂಪಗೆ ಕೂತಿದ್ದ ಧೂಳನ್ನು ಸೆರಗಿನ ತುದಿಯಿಂದ ಒರೆಸಿದಳು. ಒಮ್ಮೆ ಒರೆಸಿ, ಮೂಲೆಯಲ್ಲಿ ಉಳಿದದ್ದನ್ನು ನೋಡಿ, ಇನ್ನೊಮ್ಮೆ ಒರೆಸಿದಳು. ಆಮೇಲೆ ಇಳಿದು, ಸೆರಗು ಕೊಡವಿಕೊಳ್ಳುತ್ತ, ತಿರುಗಿ ನೋಡದೆ ಬಂದ ದಾರಿಯಲ್ಲೇ ನಡೆದಳು.