ಬೀಗದ ಪಟ್ಟಿ

ನನ್ನ ಮಗಳು ಕಾಲೇಜಿನಲ್ಲಿ ಷೇರು ಕೊಳ್ಳುತ್ತಾಳಂತೆ ಎಂದು ಮೊದಲ ಸಲ ಕೇಳಿದ ದಿನ ನಮ್ಮ ಅತ್ತೆ ಬೀರುವಿನ ಕೀಲಿಯನ್ನು ಮೊಳೆಯಿಂದ ತೆಗೆದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಿನ್ನ ದುಡ್ಡಲ್ಲ ಅಜ್ಜಿ, ಕಾಲೇಜಿನ ದುಡ್ಡು," ಎಂದು ಅವಳು ನಕ್ಕಳು.

"ಕಾಲೇಜಿನವರಿಗಾದ್ರೂ ಬುದ್ಧಿ ಬೇಡ್ವಾ? ಹೊದಿಕೆ ಮಡಚೋಕೆ ಬರದೇ ಇರೋಳ ಕೈಗೆ ಕೊಟ್ಟಿದ್ದಾರಲ್ಲ!"

ಅತ್ತೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಹೊದಿಕೆಯ ವಿಷಯದಲ್ಲಿ ಇಲ್ಲದ ಶಿಸ್ತು ನನ್ನ ಮಗಳಿಗೆ ಕಾಗದದ ವಿಷಯದಲ್ಲಿತ್ತು. ಆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಕೆಲವರು ಸೇರಿ ಒಂದಷ್ಟು ಹಣವನ್ನು ನಿಧಿಯಾಗಿ ಕೊಟ್ಟಿದ್ದರು. ಅದನ್ನು ಯಾವ ಕಂಪನಿಯಲ್ಲಿ ತೊಡಗಿಸಬೇಕು, ಯಾವಾಗ ಹಿಂತೆಗೆಯಬೇಕು ಎಂಬುದನ್ನೆಲ್ಲ ಹನ್ನೊಂದು ಜನ ವಿದ್ಯಾರ್ಥಿಗಳೇ ತೀರ್ಮಾನಿಸಬೇಕು. ಹದಿನೈದು ದಿನಕ್ಕೊಮ್ಮೆ ಸಭೆ. ಒಬ್ಬರು ಒಂದು ಕಂಪನಿಯ ಪರವಾಗಿ ಎದ್ದು ನಿಂತರೆ ಇನ್ನೊಬ್ಬರು ಅದರ ವಿರುದ್ಧ ನಿಲ್ಲಲೇಬೇಕು, ಮನಸ್ಸಿದ್ದರೂ ಇಲ್ಲದಿದ್ದರೂ. ಜಗಳವೆಲ್ಲ ಮುಗಿದ ಮೇಲೆ ಕೈ ಎತ್ತುವುದು. ಅವರ ಮೇಡಂ ಒಬ್ಬರು ಮೂಲೆಯಲ್ಲಿ ಕೂತು ನೋಡುತ್ತಿರುತ್ತಾರೆ, ಬಾಯಿ ಹಾಕುವುದಿಲ್ಲ.

ನನ್ನ ಮಗಳು ಎರಡನೇ ವರ್ಷದಲ್ಲೇ ಆ ಹನ್ನೊಂದರಲ್ಲಿ ಒಬ್ಬಳಾದಳು. ಸೇರಿದ ದಿನದಿಂದಲೂ ಅವಳ ಕಣ್ಣು ಇದ್ದದ್ದು ಒಂದೇ ಕುರ್ಚಿಯ ಮೇಲೆ. ನಾಲ್ಕನೆಯ, ಕೊನೆಯ ವರ್ಷಕ್ಕೆ ನಿಧಿಯ ನಾಯಕಿಯಾಗಬೇಕು. "ಆಗ್ತೀನಿ ಅಮ್ಮ," ಎನ್ನುತ್ತಿದ್ದಳು, ಅಂಗಡಿಗೆ ಹೋಗಿ ಬರ್ತೀನಿ ಎನ್ನುವಷ್ಟೇ ಸಲೀಸಾಗಿ.

ಅವಳು ಆರಿಸಿದ ಕಂಪನಿಗಳಲ್ಲಿ ಒಂದು ಗಾಜಿನ ಬಾಟಲಿ ಮಾಡುವಂಥದ್ದು. ಅಲ್ಲೇ ನಾನು ಹದಿನೈದು ವರ್ಷದಿಂದ ದುಡಿಯುತ್ತಿದ್ದೇನೆ. ಕುಲುಮೆಯಿಂದ ಬಂದು ತಣಿದ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಹೋಗುತ್ತವೆ. ಹಿಂದೆ ಬಿಳಿಯ ಬೆಳಕಿನ ಪರದೆ, ಮುಂದೆ ನಾನು. ಗುಳ್ಳೆ, ಬಿರುಕು, ಕಲ್ಲಿನ ಚೂರು, ಯಾವುದು ಕಂಡರೂ ಕೈ ಹಾಕಿ ಎತ್ತಿ ಒಡೆಯುವ ಡಬ್ಬಕ್ಕೆ ಎಸೆಯಬೇಕು. ಇಪ್ಪತ್ತು ನಿಮಿಷ ನೋಡಿದರೆ ಹತ್ತು ನಿಮಿಷ ಕಣ್ಣಿಗೆ ಬಿಡುವು, ಇಲ್ಲದಿದ್ದರೆ ಬಾಟಲಿಗಳು ನಿಂತು ನಾವೇ ಓಡುತ್ತಿರುವ ಹಾಗೆ ಕಾಣತೊಡಗುತ್ತದೆ.

ತಾಯಿ ಅಲ್ಲಿ ಕೆಲಸ ಮಾಡುತ್ತಾಳೆ ಎಂದು ಅವಳು ಮೊದಲ ದಿನವೇ ಮೇಡಂಗೆ ಬರೆದುಕೊಟ್ಟಿದ್ದಳು. ಅಡ್ಡಿಯಿಲ್ಲ, ಆದರೆ ಪತ್ರಿಕೆಯಲ್ಲಿ ಬಾರದ ಒಂದೇ ಒಂದು ಮಾತೂ ಮನೆಯಿಂದ ಸಭೆಗೆ ಬರಕೂಡದು ಎಂದು ಅವರು ಹೇಳಿದ್ದರಂತೆ. ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ಬಾಯಿಗೆ ಕಾವಲು.

"ಕ್ಯಾಂಟೀನಿನ ಸೂಪಿಗೆ ಉಪ್ಪು ಜಾಸ್ತಿ ಆಗಿತ್ತು ಅಂತಾನೂ ಹೇಳೋ ಹಾಗಿಲ್ವೇನೇ?" ಎಂದು ಒಮ್ಮೆ ಕೇಳಿದ್ದೆ.

"ಉಪ್ಪಿನ ವಿಷಯ ಹೇಳು. ಎಷ್ಟು ಜನಕ್ಕೆ ಸೂಪ್ ಮಾಡಿದ್ರು ಅನ್ನೋದು ಮಾತ್ರ ಬೇಡ."

ಎರಡು ವರ್ಷ ಬಾಯಿ ಬಿಗಿದುಕೊಂಡೇ ಇದ್ದೆ. ಎಡವಿದ್ದು ಒಂದು ಬೆಳಿಗ್ಗೆ.

ಅದಕ್ಕೂ ಎರಡು ತಿಂಗಳು ಮೊದಲಿನಿಂದ ಬಾಟಲಿಗಳಲ್ಲಿ ಕಲ್ಲಿನ ಚೂರು ಹೆಚ್ಚಾಗಿ ಸಿಗುತ್ತಿತ್ತು. ಕುಲುಮೆಯ ಒಳಗೋಡೆ ಸವೆದಾಗ ಹಾಗಾಗುತ್ತದೆ. ಇಟ್ಟಿಗೆಯ ಪುಡಿ ಕರಗಿದ ಗಾಜಿನೊಳಕ್ಕೆ ಬೀಳುತ್ತದೆ. ಅವತ್ತು ಪಾಳಿ ಮುಗಿಯುವ ಹೊತ್ತಿಗೆ ಮ್ಯಾನೇಜರರು ನಮ್ಮನ್ನೆಲ್ಲ ಒಟ್ಟುಗೂಡಿಸಿದರು. ಎರಡನೇ ಕುಲುಮೆಯನ್ನು ಇನ್ನೈದು ವಾರದೊಳಗೆ ಆರಿಸಿ, ಆಮೇಲೆ ಹೊಸದಾಗಿ ಕಟ್ಟುತ್ತಾರೆ. ಇನ್ನೆರಡು ವರ್ಷ ಬರುತ್ತದೆ ಅಂದುಕೊಂಡಿದ್ದದ್ದು ಬರಲಿಲ್ಲ. ಐದು ತಿಂಗಳು ಅರ್ಧ ಕಾರ್ಖಾನೆ ನಿಲ್ಲುತ್ತದೆ. ಯಾರ ಕೆಲಸಕ್ಕೂ ತೊಂದರೆಯಿಲ್ಲ, ಎಲ್ಲರಿಗೂ ಹಗಲು ಪಾಳಿ. ಕಂಪನಿಯೇ ಪ್ರಕಟಿಸುವವರೆಗೆ ಹೊರಗೆ ಬಾಯಿಬಿಡಬೇಡಿ.

ಅಷ್ಟು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು 'ಹಗಲು ಪಾಳಿ' ಎಂಬ ಎರಡೇ ಪದ. ಒಂಬತ್ತು ವರ್ಷದ ರಾತ್ರಿ ಪಾಳಿಯ ಮೇಲೆ ಎಲ್ಲರಂತೆ ಮಲಗಿ ಎಲ್ಲರಂತೆ ಏಳುವುದು! ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಅಡುಗೆಮನೆಯ ಮೇಜಿನ ತುಂಬ ಕಾಗದ ಹರಡಿಕೊಂಡು ಕೂತಿದ್ದ ಮಗಳಿಗೆ ಹೇಳಿಯೇಬಿಟ್ಟೆ.

"ಕೇಳಿದ್ಯೇನೇ, ಮುಂದಿನ ತಿಂಗಳಿಂದ ನನಗೆ ರಾತ್ರಿ ಪಾಳಿ ಇಲ್ಲ! ಎರಡನೇ ಕುಲುಮೆ ಆರಿಸ್ತಾರಂತೆ, ಐದು ತಿಂಗಳು..."

ಅವಳ ಪೆನ್ನು ನಿಂತಿತು.

"ಅಮ್ಮಾ."

ಆಮೇಲೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡೆ. ಆದರೆ ಆಡಿದ ಮಾತನ್ನು ನುಂಗುವುದಕ್ಕಾಗುತ್ತದೆಯೇ? ಅದೇ ಮಧ್ಯಾಹ್ನ ಅವಳ ಸಭೆಯಿತ್ತು. ಚರ್ಚೆಗೆ ಬರಲಿದ್ದದ್ದು ನಮ್ಮ ಬಾಟಲಿ ಕಂಪನಿಯೇ. ಕೊಂಡ ಮೇಲೆ ಅದರ ಷೇರು ನೂರಕ್ಕೆ ಇಪ್ಪತ್ತೆರಡರಷ್ಟು ಏರಿತ್ತು. ಲಾಭ ಬಂದಾಗ ಅರ್ಧ ಮಾರಿಬಿಡೋಣ ಎಂದು ಅವಳ ಸಹಪಾಠಿಯೊಬ್ಬ ಸೂಚನೆ ಕೊಟ್ಟಿದ್ದ. ಅವನನ್ನು ಎಲ್ಲರೂ ಕರೆಯುವುದು ಕ್ಯಾಲ್ಕುಲೇಟರ್ ಎಂದು. ನಾಯಕನ ಕುರ್ಚಿಗೆ ಅವನೂ ಆಸೆಪಟ್ಟಿದ್ದ. ಮಾರಬಾರದು ಎಂದು ವಾದಿಸಲು ನನ್ನ ಮಗಳು ಹನ್ನೆರಡು ಪುಟ ಬರೆದು ಇಟ್ಟಿದ್ದಳು.

ನನ್ನ ತಲೆ ಓಡಿತು. ಓಡಬಾರದಾಗಿತ್ತು, ಓಡಿತು. "ನೋಡು, ಹೇಗಿದ್ರೂ ಆ ಹುಡುಗನೇ ಮಾರೋಣ ಅಂತಿದ್ದಾನೆ. ನೀನು ಹೂಂ ಅಂದುಬಿಡು. ಸುದ್ದಿ ಬಂದ ಮೇಲೆ ಬೆಲೆ ಬೀಳುತ್ತೆ, ಆಗ ಎಲ್ಲರೂ ನಿನ್ನನ್ನೇ ಹೊಗಳ್ತಾರೆ. ನಾನು ಹೇಳಿದ್ದು ಯಾರಿಗೆ ತಿಳಿಯುತ್ತೆ?"

"ನಾವು ಮಾರಿದ್ದನ್ನ ಯಾರೋ ಒಬ್ಬರು ಕೊಳ್ತಾರಲ್ಲಮ್ಮ," ಎಂದಳು. ದನಿ ಏರಿಸಲಿಲ್ಲ. "ಬಿರುಕು ಕಂಡ ಮೇಲೂ ಬಾಟ್ಲೀನ ಪೆಟ್ಟಿಗೆಗೆ ಬಿಡ್ತೀಯಾ ನೀನು?"

ನಾನು ಮೇಜಿನ ಮೇಲಿದ್ದ ಪುಟಗಳನ್ನು ಅವಳ ಮುಂದಕ್ಕೆ ಸರಿಸಿದೆ.

"ಹಾಗಿದ್ರೆ ಹನ್ನೆರಡು ಪುಟ ಓದಿಬಿಡು, ಮಾರಬೇಡಿ ಅನ್ನು."

"ಬೀಳುತ್ತೆ ಅಂತ ಗೊತ್ತಿದ್ದು ಇಟ್ಕೊಳ್ಳಿ ಅನ್ಲಾ? ಅದೂ ಮೋಸಾನೇ."

"ಮತ್ತೆ ಏನ್ ಮಾಡ್ತೀಯ? ನಾನೇ ಬಂದು ನಿಮ್ಮ ಮೇಡಂ ಹತ್ರ ತಪ್ಪಾಯ್ತು ಅಂತ ಹೇಳ್ಲಾ?"

"ನೀನು ಬಂದ್ರೆ ನಿನ್ನ ಕೆಲಸಕ್ಕೇ ಕುತ್ತು. ನೀನು ಮಲಕ್ಕೋ. ನಾನು ನೋಡ್ಕೋತೀನಿ." ಹನ್ನೆರಡು ಪುಟಗಳನ್ನು ಜೋಡಿಸಿ ಕ್ಲಿಪ್ಪು ಹಾಕಿ ಮೇಜಿನ ಖಾನೆಗೆ ತಳ್ಳಿದಳು. ತಲೆ ಬಾಚಿಕೊಂಡು ಹೊರಟೇಹೋದಳು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ ಬಾಗಿಲಿಗೆ ಬಂದು, "ಬಾಯಿಗೆ ಬೀಗ ಇಲ್ಲದಿರೋದು ನಿನಗೆ, ದಂಡ ಕಟ್ಟೋದು ಅವಳು," ಎಂದರು. ಕುಟುಕಿದರೂ ಚಹಾ ಮಾಡಿಕೊಟ್ಟರು.

ಸಂಜೆ ಅವಳ ಬಾಯಿಂದಲೇ ಉಳಿದದ್ದು ತಿಳಿಯಿತು. ಆ ನಿಧಿಯ ನಿಯಮದಲ್ಲಿ ಬೀಗದ ಪಟ್ಟಿ ಎಂದೊಂದಿದೆಯಂತೆ. ಕೇಳಬಾರದ್ದು ಯಾರ ಕಿವಿಗಾದರೂ ಬಿದ್ದರೆ ಅವರು ಮೇಡಂ ಬಳಿ ಹೋಗಿ ಕಂಪನಿಯ ಹೆಸರನ್ನಷ್ಟೇ ಹೇಳಬೇಕು. ಕೇಳಿದ್ದೇನು ಎಂಬುದನ್ನು ಬರೆದು, ಹೇಳಿದವರ ಹೆಸರು ಬಿಟ್ಟು, ಲಕೋಟೆಗೆ ಹಾಕಿ ಅಂಟಿಸಿ ಕೊಡಬೇಕು. ಅಲ್ಲಿಂದಾಚೆ ಆ ಷೇರನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಅದರ ಮಾತೇ ಎತ್ತುವಂತಿಲ್ಲ. ಯಾಕೆ ಎಂದು ಯಾರೂ ಕೇಳುವಂತೆಯೂ ಇಲ್ಲ. ಸುದ್ದಿ ಬಹಿರಂಗವಾದ ದಿನ ಮೇಡಂ ಲಕೋಟೆ ಒಡೆದು, ಬರೆದದ್ದಕ್ಕೂ ಪ್ರಕಟವಾದದ್ದಕ್ಕೂ ತಾಳೆ ನೋಡಿ ಬೀಗ ತೆಗೆಯುತ್ತಾರೆ.

"ನಿಧಿ ಶುರುವಾಗಿ ಈ ಆರು ವರ್ಷದಲ್ಲಿ ಯಾರೂ ಆ ಪಟ್ಟಿಗೆ ಹೆಸರು ಕೊಟ್ಟೇ ಇರಲಿಲ್ವಂತೆ. ಲಕೋಟೆ ಎಲ್ಲಿದೆ ಅಂತ ಮೇಡಂ ಅರ್ಧ ಗಂಟೆ ಹುಡುಕಿದ್ರು," ಎಂದು ನಕ್ಕಳು.

"ಆ ಹುಡುಗ ಏನಂದ?"

"'ಯಾಕೆ, ಬಾಟ್ಲಿ ಕಂಪನಿ ನಿನ್ನ ಕೂಸಾ? ಮುಟ್ಟಿದ್ರೆ ಅಳುತ್ತಾ?' ಅಂದ. 'ಹೌದು, ನಿದ್ದೆ ಮಾಡ್ತಿದೆ, ಮೆತ್ತಗೆ ಮಾತಾಡು' ಅಂದೆ."

ಅವಳು ನಗುತ್ತಿದ್ದಳು. ನನಗೆ ನಗಲಾಗಲಿಲ್ಲ.

ಐದನೇ ವಾರ ಕಂಪನಿ ಪ್ರಕಟಣೆ ಹೊರಡಿಸಿತು. ಎರಡೇ ದಿನದಲ್ಲಿ ಷೇರು ನೂರಕ್ಕೆ ಹತ್ತೊಂಬತ್ತರಷ್ಟು ಬಿತ್ತು. ಗಳಿಸಿದ್ದೆಲ್ಲ ಹೆಚ್ಚುಕಡಿಮೆ ಕೊಚ್ಚಿಹೋಯಿತು. ಮೂರನೇ ದಿನ ವಾರ್ಷಿಕ ಸಭೆ. ಹೊಸ ನಾಯಕನ ಆಯ್ಕೆಯೂ ಅವತ್ತೇ. ಮನೆಯವರು ಬರಬಹುದು ಎಂದಿದ್ದರಿಂದ, ಹಗಲು ಪಾಳಿಯಿಂದ ಅರ್ಧ ದಿನ ರಜೆ ಹಾಕಿ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಮೆಟ್ಟಿಲು ಮೆಟ್ಟಿಲಾಗಿ ಬೆಂಚುಗಳಿದ್ದ ಕೋಣೆ. ಮುಂದಿನ ಸಾಲಿನಲ್ಲಿ ಹಣ ಕೊಟ್ಟ ಹಿರಿಯರು. ಅವರಲ್ಲೊಬ್ಬರು ಕನ್ನಡಕ ಹಣೆಗೇರಿಸಿಕೊಂಡು ಕೇಳಿದರು: "ಈ ಬಾಟಲಿ ಕಂಪನಿ ನೋಡಿಕೊಳ್ತಿದ್ದವರು ಯಾರಮ್ಮ?"

ನನ್ನ ಮಗಳು ಎದ್ದಳು. "ನಾನು ಸರ್."

"ಏರಿದಾಗ ಮಾರೋಣ ಅಂತ ಇಲ್ಲೇ ಒಬ್ಬರು ಸೂಚಿಸಿದ್ದರಂತೆ. ನೀವು ಬೀಗ ಹಾಕಿಸಿದಿರಂತೆ. ಯಾಕೆ?"

"ಆ ಕಂಪನಿ ಬಗ್ಗೆ ನನ್ನ ಕಿವಿಗೆ ಬೀಳಬಾರದ್ದು ಬಿದ್ದಿತ್ತು ಸರ್. ಬಿದ್ದ ಮೇಲೆ ಮಾರೋಕೆ ನನಗೆ ಹಕ್ಕಿರಲಿಲ್ಲ. ಇಟ್ಟುಕೊಳ್ಳಿ ಅನ್ನೋಕೂ ಇರಲಿಲ್ಲ."

"ಯಾರು ಹೇಳಿದ್ದು?"

ನನ್ನ ಮೊಣಕಾಲು ತಾನಾಗಿ ನೆಟ್ಟಗಾಗತೊಡಗಿತು. ಎದ್ದು ನಿಂತು 'ನಾನೇ' ಎಂದುಬಿಡಬೇಕು ಎನ್ನುವಷ್ಟರಲ್ಲಿ ಅವಳ ದೃಷ್ಟಿ ಸೀದಾ ನನ್ನ ಮೇಲೆ ಬಿತ್ತು. ಚಿಕ್ಕವಳಿದ್ದಾಗ ನಾನು ನೆಂಟರ ಮನೆಯಲ್ಲಿ ಅವಳನ್ನು ಹಾಗೆ ನೋಡಿ ಕೂರಿಸುತ್ತಿದ್ದೆ. ಕೂತೆ.

"ಅದನ್ನ ನಿಯಮದ ಪ್ರಕಾರ ಲಕೋಟೆಯಲ್ಲೂ ಬರೆದಿಲ್ಲ ಸರ್. ಇಲ್ಲೂ ಹೇಳಲ್ಲ."

"ನಿಮ್ಮ ನಿಯಮದಿಂದ ನಿಧಿಗೆ ನಷ್ಟವಾಯಿತಲ್ಲಮ್ಮ."

"ಆಯ್ತು ಸರ್. ಅದು ನನ್ನ ಲೆಕ್ಕಕ್ಕೇ ಬರಲಿ. ಮಾರಿದ್ದಿದ್ರೆ ಅದೇ ನಷ್ಟ ಬೇರೆ ಯಾರದೋ ತಲೆಗೆ ಬೀಳ್ತಿತ್ತು, ಲಾಭ ಅಂತ ನಾವು ಇಲ್ಲಿ ಚಪ್ಪಾಳೆ ತಟ್ಟಿಸ್ಕೊಳ್ತಿದ್ವಿ."

ಹಿರಿಯರು ಕನ್ನಡಕ ಇಳಿಸಿ ಏನನ್ನೋ ಗುರುತು ಹಾಕಿಕೊಂಡರು. ಮೆಚ್ಚಿದರೋ ಮುನಿದರೋ ಮುಖದಿಂದ ತಿಳಿಯಲಿಲ್ಲ.

ಆಮೇಲೆ ಆಯ್ಕೆ. ಕಣದಲ್ಲಿದ್ದದ್ದು ಇಬ್ಬರೇ. ಅವರನ್ನು ಬಿಟ್ಟು ಒಂಬತ್ತು ಜನ ಕೈ ಎತ್ತಬೇಕು. ಓಡುವ ಬಾಟಲಿ ಎಣಿಸುವ ಕಣ್ಣಿಗೆ ಒಂಬತ್ತು ಕೈ ಯಾವ ಮಹಾ? ಮೇಡಂ ಬಾಯಿಬಿಡುವ ಮೊದಲೇ ನನಗೆ ಗೊತ್ತಾಗಿತ್ತು. ಅವನಿಗೆ ಐದು, ಇವಳಿಗೆ ನಾಲ್ಕು.

ಎರಡು ವರ್ಷದ ಆಸೆ. ನನ್ನ ಒಂದು ವಾಕ್ಯಕ್ಕೆ ಹೋಯಿತು. ತಲೆ ತಗ್ಗಿಸಿ ಕೂತುಬಿಟ್ಟೆ. ತಲೆ ಎತ್ತಿದಾಗ ಅವಳು ಅವನ ಕೈ ಕುಲುಕಿ, ಕೆಳಗೆ ಕೂರದೆ ಹಾಗೇ ನಿಂತಿದ್ದಳು.

"ಬಾಟ್ಲಿ ಕಂಪನಿಗೆ ಹಾಕಿದ್ದ ಬೀಗ ಮೊನ್ನೆ ತೆಗೆದಿದ್ದಾರೆ. ಇವತ್ತಿನ ಪಟ್ಟಿಯಲ್ಲಿ ಅದು ಮೊದಲನೇ ವಿಷಯ. ನಾಯಕರು ಅಪ್ಪಣೆ ಕೊಟ್ರೆ ಮಾತಾಡ್ತೀನಿ."

'ನಾಯಕರು' ಎಂಬಲ್ಲಿ ಒಂದು ಚಿಟಿಕೆ ಒಗ್ಗರಣೆಯಿತ್ತು. ಎಲ್ಲರೂ ನಕ್ಕರು. ಕ್ಯಾಲ್ಕುಲೇಟರನ ಕಿವಿ ಕೆಂಪಾದವು. "ಮಾತಾಡು. ಆದ್ರೆ ನನ್ನ ಸೂಚನೆ ಮೊದಲೇ ಹೇಳಿಬಿಡ್ತೀನಿ, ಎಲ್ಲಾನೂ ಮಾರೋಣ. ಒಡೆದ ಸಾಮಾನು ಇಟ್ಕೊಂಡು ಏನ್ ಮಾಡೋದು?"

"ಒಡೆದಿರೋದು ಗೋಡೆ, ವ್ಯಾಪಾರ ಅಲ್ಲ," ಎಂದು ಶುರುಮಾಡಿದಳು. ಪ್ರಕಟಣೆಯ ಪ್ರತಿಯನ್ನು ಎಲ್ಲರಿಗೂ ಹಂಚಿದಳು. ಅದರಲ್ಲಿ ಇಲ್ಲದ ಒಂದು ಅಕ್ಷರವನ್ನೂ ಆಡಲಿಲ್ಲ. ಮೊದಲನೇ ಕುಲುಮೆ ಉರಿಯುತ್ತಿದೆ. ದೊಡ್ಡ ಗಿರಾಕಿಗಳ ಒಪ್ಪಂದ ಇನ್ನೂ ಮೂರು ವರ್ಷದ್ದು. ಹೊಸ ಕುಲುಮೆಗೆ ಇಂಧನ ಕಾಲುಭಾಗ ಕಡಿಮೆ ಸಾಕು. ಬೆಲೆ ಮಾತ್ರ ಆ ಕುಲುಮೆ ಇನ್ನೆಂದೂ ಹೊತ್ತಿಕೊಳ್ಳುವುದೇ ಇಲ್ಲವೆಂಬಂತೆ ಬಿದ್ದಿದೆ. "ಎಲ್ಲರೂ ಹೆದರಿ ಮಾರ್ತಿರೋವಾಗ ನಾವೂ ಮಾರಿದ್ರೆ ನಷ್ಟ ಗಟ್ಟಿಯಾಗುತ್ತೆ. ಒಂದು ಷೇರೂ ಮಾರೋದು ಬೇಡ. ಕಂಪನಿಯ ಇನ್ನೆರಡು ವರದಿ ಬರಲಿ, ಆಗ ಮತ್ತೆ ನನ್ನನ್ನೇ ಇಲ್ಲಿ ನಿಲ್ಲಿಸಿ ಕೇಳಿ. ಮಾತು ನನ್ನದು, ತೀರ್ಮಾನ ನಿಮ್ಮದು. ಇದಕ್ಕೆ ನಾನು ಕೈ ಎತ್ತಲ್ಲ."

ಕ್ಯಾಲ್ಕುಲೇಟರ್ ಬಿಡಲಿಲ್ಲ. ಐದು ತಿಂಗಳು ಎಂಟಾದರೆ? ಗಿರಾಕಿಗಳು ಬೇರೆಡೆ ಹೋದರೆ? ಒಂದೊಂದಕ್ಕೂ ಅವಳು ಪುಟದ ಸಂಖ್ಯೆ ಹೇಳಿ ಉತ್ತರ ಕೊಟ್ಟಳು. ಒಂದಕ್ಕೆ ಮಾತ್ರ, "ಅದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ," ಎಂದಳು. ನನ್ನ ಪಕ್ಕದಲ್ಲಿ ಕೂತಿದ್ದ ಯಾರೋ ವಿದ್ಯಾರ್ಥಿಯ ತಂದೆ, "ಯಾರ ಮಗಳ್ರೀ ಅದು?" ಎಂದು ಪಿಸುಗುಟ್ಟಿದರು. ನಾನು ಉತ್ತರಿಸಲಿಲ್ಲ. ಅವತ್ತಿಗೆ ನನ್ನ ಬಾಯಿಯ ಮೇಲೆ ನನಗೇ ನಂಬಿಕೆಯಿರಲಿಲ್ಲ.

ಇಟ್ಟುಕೊಳ್ಳೋಣ ಎನ್ನುವವರು ಕೈ ಎತ್ತಿ ಎಂದರು ಮೇಡಂ. ಒಂದು, ಎರಡು, ನಾಲ್ಕು, ಏಳು. ಆಮೇಲೆ ಮೇಜಿನ ಆಚೆಯಿಂದ ಎಂಟನೆಯದು ನಿಧಾನವಾಗಿ ಮೇಲೆದ್ದಿತು. ಅದು ಹೊಸ ನಾಯಕನದೇ.

ಹೊರಗೆ ಕಾರಿಡಾರಿನಲ್ಲಿ ಅವಳ ಚೀಲ ನಾನು ಹಿಡಿದುಕೊಂಡೆ. "ನನ್ನಿಂದ..." ಎಂದು ಬಾಯಿ ತೆರೆದೆ.

"ಅಮ್ಮ, ಐದಕ್ಕೆ ನಾಲ್ಕು. ಒಂದು ಕೈ ನನಗೆ ಕಮ್ಮಿ ಬಿತ್ತು, ಅಷ್ಟೇ. ನಾನೇನು ಕಾಲೇಜು ಬಿಟ್ಟು ಹೋಗ್ತಿದೀನಾ?"

ಅಷ್ಟರಲ್ಲಿ ಕ್ಯಾಲ್ಕುಲೇಟರ್ ಫೈಲುಗಳನ್ನು ಎದೆಗವಚಿಕೊಂಡು ಹಿಂದಿನಿಂದ ಓಡಿಬಂದ. ನನ್ನನ್ನು ನೋಡಿ, "ನಮಸ್ಕಾರ ಆಂಟಿ," ಎಂದವನು ಅವಳತ್ತ ತಿರುಗಿದ. "ನಾಳೆ ಎಂಟಕ್ಕೆ ಬಾ ಮಾರಾಯ್ತಿ. ಉಳಿದ ಕಂಪನಿಗಳನ್ನೂ ಹೀಗೇ ಒಂದೊಂದಾಗಿ ಬಿಚ್ಚಿ ನೋಡಬೇಕು. ಒಬ್ಬನೇ ಮಾಡಿದ್ರೆ ಎಲ್ಲಾದ್ರೂ ತಪ್ಪುತ್ತೆ."

"ಎಂಟಕ್ಕೆ ನೀನು ಬಾ, ಬಾಗಿಲು ತೆಗೆಯೋದು ನಾಯಕನ ಕೆಲಸ," ಎಂದಳು ನನ್ನ ಮಗಳು. "ನಾನು ಒಂಬತ್ತಕ್ಕೆ ಬರ್ತೀನಿ."